ಮಿಂಚುಹುಳ ಕಲಿಸಿದ ತಾಳ

ಗಣೇಶ, ರಶ್ಮಿ, ನಿಮ್ಮಜ್ಜಿ ಕಳೆದ ಭಾನುವಾರ ಕಾರವಾರದಲ್ಲಿ ಮೈಕಿನ ಮುಂದೆ ಕೂತು ಹಾಡಿದಳು. ನಗಬೇಡಿ. ಬಸ್ ನಿಲ್ಲಿಸಿ ಎನ್ನಲು ನಾಚಿ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬರುತ್ತಾಳಲ್ಲ, ಅದೇ ಅಜ್ಜಿ!

ಆದದ್ದು ಹೀಗೆ. ಬೊಬ್ರುವಾಡದ ನಮ್ಮ ಹೆಂಗಸರ ಭಜನಾ ಮಂಡಳಿಗೆ ಕಾರವಾರದ ಒಂದು ಸಮಾರಂಭದಿಂದ ಕರೆ ಬಂತು. ಅದೇ ಹೊತ್ತಿಗೆ ಪಾರ್ವತಕ್ಕ ಮಗಳ ಬಾಣಂತನಕ್ಕೆಂದು ಹುಬ್ಬಳ್ಳಿಗೆ ಹೋದಳು. ಪಾರ್ವತಕ್ಕ ಎಂದರೆ ನಮ್ಮ ಲೀಡರ್. ದೊಡ್ಡ ತಾಳ ಅವಳದು. ಅವಳು ಬಡಿದ ಹಾಗೆ ನಾವು ಬಡಿಯುತ್ತಿದ್ದೆವು. (ತಪ್ಪಿದರೆ ಕಣ್ಣಲ್ಲೇ ಬೈಯುತ್ತಿದ್ದಳು.)

ಅವಳಿಲ್ಲದೆ ಪ್ರಾಕ್ಟೀಸಿಗೆ ಕೂತೆವು. ಮೊದಲ ನುಡಿ ಸರಿಹೋಯಿತು. ಎರಡನೆಯದಕ್ಕೆ ಬೀರಮ್ಮ ಚೂರು ಮುಂದೆ ಹೋದಳು. ಅವಳನ್ನು ಹಿಡಿಯಲು ಸುಶೀಲ ಓಡಿದಳು. ಸುಶೀಲಳನ್ನು ಹಿಡಿಯಲು ನಾವೆಲ್ಲ ಓಡಿದೆವು. ಮೂರನೆಯ ನುಡಿಗೆ ನಮ್ಮ ಭಜನೆ ಹೈವೇ ಮೇಲಿನ ಟೆಂಪೊ ಆಗಿತ್ತು. ಕೊನೆಗೆ ಉಳಿದದ್ದು ಬರೀ ಝಣಝಣ.

"ದೇವ್ರಿಗೆ ಬಸ್ಸು ತಪ್ಪಿ ಹೋಗ್ತದೆ ಅಂದ್ಕಂಡ್ಯನೆ?" ಎಂದು ಸುಶೀಲ ಕೆಣಕಿದಳು.

"ನಾ ಎಂತ ಮಾಡ್ಲಿ? ನೀನೇ ಹಿಂದಿಂದ ದೂಡ್ತೆ!" ಎಂದಳು ಬೀರಮ್ಮ.

ಆಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು. "ದೊಡ್ಡ ತಾಳ ನೀನೇ ಹಿಡಿ ದೇವಕ್ಕ. ನೀ ಯಾರಿಗೂ ಬಯ್ಯೂದಿಲ್ಲ."

ಅದೇ ತಾನೆ ತೊಂದರೆ? ಬೈಯಲು ಬಾರದವಳು ಲೀಡರ್ ಆಗುವುದುಂಟೆ? ಜ್ವರ ಎಂದು ಹೇಳಿ ಮಲಗಿಬಿಡೋಣವೇ ಎಂದೂ ಯೋಚಿಸಿದೆ. ಆದರೆ ನಾನು ಒಲ್ಲೆ ಎಂದರೆ ಕಾರವಾರಕ್ಕೆ ಹೋಗುವುದೇ ಇಲ್ಲ ಎಂದುಬಿಟ್ಟರು. ಬೀರಮ್ಮ ಆಗಲೇ ಹೊಸ ಸೀರೆಗೆ ಫಾಲ್ ಹೊಲಿಸಿಯಾಗಿತ್ತು!

ಸಪ್ಪೆ ಮುಖ ಹೊತ್ತು ಮನೆಗೆ ಬಂದರೆ, ನಿಮ್ಮ ಸುಮಕ್ಕ ರಜೆಗೆ ಬಂದಿದ್ದಳು. ಅವಳದು ಇಂಜಿನಿಯರಿಂಗಿನ ಕೊನೆಯ ವರ್ಷವಲ್ಲವೇ? ಪ್ರಾಜೆಕ್ಟ್ ಎಂದು ಸೋಪಿನ ಪೆಟ್ಟಿಗೆಯಂಥ ಡಬ್ಬಿಗಳನ್ನು ಜಗಲಿಯ ತುಂಬ ಹರಡಿದ್ದಳು. ಒಂದೊಂದಕ್ಕೂ ಒಂದು ಕೆಂಪು ದೀಪ. ಒಂದಕ್ಕೂ ಇನ್ನೊಂದಕ್ಕೂ ವಯರ್ ಇಲ್ಲ. ಮೊದಲು ಪ್ರತಿಯೊಂದೂ ತನ್ನಿಷ್ಟಕ್ಕೆ ಮಿನುಗುತ್ತಿತ್ತು. ನೋಡನೋಡುತ್ತ ಎಲ್ಲವೂ ಒಟ್ಟಿಗೇ ಮಿನುಗತೊಡಗಿದವು!

ನಾನು ಅಗಸೂರಿನ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು. ಇದೇನೆಂದು ನನಗೆ ತಿಳಿಯಬೇಕೇ? ಆದರೂ ಎಲ್ಲೋ ನೋಡಿದ್ದೆ. ಮಳೆ ಹಿಡಿಯುವ ಮೊದಲು ನಮ್ಮೂರ ಹಳ್ಳದಂಚಿನ ಮರದಲ್ಲಿ ಮಿಂಚುಹುಳಗಳು ಹೀಗೇ ಒಟ್ಟಿಗೆ ಹತ್ತಿ, ಒಟ್ಟಿಗೆ ಆರುತ್ತಿದ್ದವು.

"ಆ ಹುಳಗಳನ್ನ ನೋಡೇ ಇದನ್ನ ಮಾಡಿದ್ದು ಅಜ್ಜಿ" ಎಂದಳು ಸುಮಾ. ಮಳೆ, ಗಾಳಿ ಅಳೆಯಲು ಇಂಥ ಡಬ್ಬಿಗಳನ್ನು ಕಾಡಿನಲ್ಲೋ ದಂಡೆಯಲ್ಲೋ ದೂರ ದೂರ ಇಡುತ್ತಾರಂತೆ. ಬ್ಯಾಟರಿ ಉಳಿಯಬೇಕೆಂದರೆ ಎಲ್ಲವೂ ಒಂದೇ ಹೊತ್ತಿಗೆ ಎದ್ದು, ಸುದ್ದಿ ಹೇಳಿಕೊಂಡು, ಒಂದೇ ಹೊತ್ತಿಗೆ ಮಲಗಬೇಕಂತೆ. ಇಲ್ಲವಾದರೆ ಒಂದು ಮಾತಾಡುವಾಗ ಇನ್ನೊಂದು ಗೊರಕೆ ಹೊಡೆಯುತ್ತಿರುತ್ತದೆ.

"ಇದ್ರಲ್ಲಿ ಲೀಡರ್ ಯಾವ್ದೆ ತಂಗಿ?" ಎಂದೆ.

"ಯಾವ್ದೂ ಅಲ್ಲ. ಲೀಡರ್ ಇಟ್ರೆ, ಅದು ಕೆಟ್ಟ ದಿನ ಎಲ್ಲಾ ಕೆಟ್ಟು ಕೂತ್ಕಳ್ತವೆ."

ನನಗೆ ಪಾರ್ವತಕ್ಕನ ನೆನಪಾಯಿತು. ನಮ್ಮ ಗೋಳನ್ನೆಲ್ಲ ಹೇಳಿದೆ. ಸುಮಾ ಬಿದ್ದು ಬಿದ್ದು ನಕ್ಕಳು. "ಇವೂ ಮೊದಲು ಹಂಗೇ ಓಡ್ತಿದ್ವು! ಒಂದು ಮಿನುಗ್ತು ಅಂತ ಇನ್ನೊಂದು, ಅದು ಮಿನುಗ್ತು ಅಂತ ಮತ್ತೆ ಮೊದಲಿಂದು. ಆಮೇಲೆ ಒಂದು ನಿಯಮ ಹಾಕ್ದೆ. ಮಿನುಗಿದ ಮೇಲೆ ಸ್ವಲ್ಪ ಹೊತ್ತು ಕಿವಿ ಮುಚ್ಕಳ್ಬೇಕು. ಆಮೇಲೆ ಯಾರದ್ದಾದ್ರೂ ಕೇಳಿದ್ರೆ ಚೂರೇ ಸರೀಬೇಕು. ಜಿಗೀಬಾರ್ದು."

ಮರುದಿನ ಮಂಡಳಿಯಲ್ಲಿ ಇದನ್ನು ಹೇಳಿದೆ. "ಹುಳದ ಹತ್ರ ಭಜನೆ ಕಲೀಬೇಕಾಯ್ತಲ್ಲೆ ಮಾರಾಯ್ತಿ!" ಎಂದಳು ಬೀರಮ್ಮ. ಆದರೂ ಕಲಿತೆವು. ಬಡಿದ ಕೂಡಲೇ ತಾಳವನ್ನು ಎದೆಗೆ ಒತ್ತಿಕೊಳ್ಳುವುದು, ಪಕ್ಕದವಳು ಏನು ಮಾಡಿದಳೆಂದು ಆ ಒಂದು ಗಳಿಗೆ ನೋಡದಿರುವುದು. ಎಷ್ಟು ಕಷ್ಟ ಗೊತ್ತೇ? ಪಕ್ಕದವಳನ್ನು ನೋಡದೆ ನಾವು ಬೊಬ್ರುವಾಡದಲ್ಲಿ ಏನನ್ನಾದರೂ ಮಾಡಿದ್ದುಂಟೆ?

ಪಾರ್ವತಕ್ಕನ ದೊಡ್ಡ ತಾಳ ಚೀಲದಲ್ಲೇ ಉಳಿಯಿತು. ನಾವು ಕಾರವಾರಕ್ಕೆ ಹೋದೆವು. ಎರಡನೆಯ ನುಡಿಗೆ ಬೀರಮ್ಮ ಮತ್ತೆ ಮುಂದೆ ಹೋದಳು. ನಾನು ತಾಳವನ್ನು ಎದೆಗೆ ಒತ್ತಿಕೊಂಡೆ. ಆದರೆ ಯಾರೂ ಓಡಲಿಲ್ಲ. ಚೂರು ಚೂರೇ ಸರಿದೆವು. ಸ್ವಲ್ಪದರಲ್ಲೇ ಎಲ್ಲರ ತಾಳವೂ ಕೂಡಿತು. ಹಾಡು ಮುಗಿಯುವವರೆಗೂ ಮತ್ತೆ ತಪ್ಪಲಿಲ್ಲ.

"ಮಂಡಳಿಯ ಲೀಡರ್ ಮುಂದೆ ಬಂದು ಶಾಲು ಸ್ವೀಕರಿಸಬೇಕು" ಎಂದು ಮೈಕಿನಲ್ಲಿ ಹೇಳಿದರು.

ಬೀರಮ್ಮ ನನ್ನ ತೊಡೆ ಚಿವುಟಿದಳು. ನಾನು ನೆಲ ನೋಡಿದೆ. ಆಮೇಲೆ, ಯಾರೂ ಹೇಳದೆ, ಎಲ್ಲರೂ ಒಟ್ಟಿಗೇ ಎದ್ದೆವು! ಒಂದೇ ಶಾಲು ಹಿಡಿದು ನಿಂತಿದ್ದವರು ಬೆವತುಹೋದರು. "ಇದರಲ್ಲಿ ಯಾರಮ್ಮ?"

"ಯಾರೂ ಅಲ್ಲ. ಎಲ್ಲರೂ."

ಹೇಳಿದ್ದು ನಾನು. ಮೈಕಿನಲ್ಲೇ!

ಶಾಲು ಈ ವಾರ ಬೀರಮ್ಮನ ಮನೆಯಲ್ಲಿದೆ, ಮುಂದಿನ ವಾರ ಸುಶೀಲಳ ಮನೆಗೆ. ಈ ಹಾಳೆಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಯಾರ ಹತ್ತಿರ ಇರಬೇಕು ಎಂದು ಮಾತ್ರ ನನ್ನನ್ನು ಕೇಳಬೇಡಿ.