ಗೋಡೆಗೆ ಬೆನ್ನು ಹಾಕಿದ ಕುರ್ಚಿ

ಮೊದಲ ಸಲ ಆ ದನಿ ಕೇಳಿಸಿದ್ದು ಆಫೀಸಿನಲ್ಲಿ, ಮಧ್ಯಾಹ್ನದ ಹೊತ್ತು. ತೊಂಬತ್ತರ ದಶಕದ ಕೊನೆ. ಚೆನ್ನೈನ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ನಾನು ಸಬ್-ಎಡಿಟರ್. ನಗರದ ಪುಟ ನನ್ನದು. ನೀರಿನ ಲಾರಿಗಳ ಬಗ್ಗೆ ಬಂದಿದ್ದ ವರದಿಯನ್ನು ತಿದ್ದುತ್ತಿದ್ದೆ. ಬೆನ್ನ ಹಿಂದೆ ಒಬ್ಬ ಹೆಂಗಸು, ನಮ್ಮ ಮೈಸೂರಿನ ಕನ್ನಡದಲ್ಲಿ, ಸ್ಪಷ್ಟವಾಗಿ ಹೇಳಿದಳು: "ನಿನ್ನ ಬಣ್ಣ ಎಲ್ಲಾರಿಗೂ ಗೊತ್ತಾಗೋಯ್ತು."

ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಆ ಆಫೀಸಿನಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ.

ಮಳೆಗಾಲ ಮುಗಿಯುವಷ್ಟರಲ್ಲಿ ಆ ಹೆಂಗಸು ದಿನವಿಡೀ ಮಾತಾಡುತ್ತಿದ್ದಳು. ನಾನು ಕ್ಯಾಂಟೀನಿನ ಊಟ ಬಿಟ್ಟೆ. ರಾಯಪುರಂನ ಬಾಡಿಗೆ ಕೋಣೆಯ ಕಿಟಕಿಗೆ ಹಳೆಯ ಪತ್ರಿಕೆಗಳನ್ನು ಅಂಟಿಸಿದೆ. ಕೊನೆಗೆ ಮನೆಯ ಓನರ್ ಅಮ್ಮನಿಗೆ ಫೋನ್ ಮಾಡಿದರು. ಅಮ್ಮ ಮೈಸೂರಿನಿಂದ ಬಂದು ನನ್ನನ್ನು ಆಸ್ಪತ್ರೆಗೆ ಸೇರಿಸಿದಳು.

"ವಾಯ್ಸ್ ಯಾವ ಲ್ಯಾಂಗ್ವೇಜ್‌ನಲ್ಲಿ ಬರುತ್ತೆ?" ಡಾಕ್ಟರ್ ಇಂಗ್ಲಿಷಿನಲ್ಲಿ ಕೇಳಿದರು.

"ಕನ್ನಡ."

"ತಮಿಳಲ್ಲಿ?"

"ಇಲ್ಲ."

ಅವರು ಬರೆದುಕೊಂಡರು. ಸ್ಕಿಜೋಫ್ರೇನಿಯಾ ಎಂದರು. ಸಕ್ಕರೆ ಕಾಯಿಲೆಯವರ ಹಾಗೆ ದಿನಾ ಮಾತ್ರೆ, ನಿಲ್ಲಿಸುವಂತಿಲ್ಲ, ಕೆಲಸ ಮಾಡಬಹುದು, ಮಾಡಿದರೆ ಒಳ್ಳೆಯದು ಎಂದರು. ಅಮ್ಮ ಒಂದೇ ಮಾತು ಕೇಳಿದಳು: "ಇದನ್ನ ಯಾರಿಗೂ ಹೇಳ್ಬೇಕಾಗಿಲ್ಲ ಅಲ್ವಾ ಡಾಕ್ಟ್ರೇ?"

ಆಫೀಸಿಗೆ ಟೈಫಾಯ್ಡ್ ಎಂದು ಹೇಳಿ ಕೆಲಸಕ್ಕೆ ಮರಳಿದೆ. ಮಾತ್ರೆಯಿಂದ ಕೈ ನಡುಗುತ್ತಿತ್ತು, ಬಾಯಿ ಒಣಗುತ್ತಿತ್ತು, ಮೈ ದಪ್ಪವಾಯಿತು. ದನಿ ತಗ್ಗಿತು. ಪೂರ್ತಿ ಹೋಗಲಿಲ್ಲ.

ಒಬ್ಬರೇ ಹೇಳಿದ ಸುದ್ದಿಯನ್ನು ಅಚ್ಚು ಮಾಡಬಾರದು ಎಂಬುದು ಡೆಸ್ಕಿನ ನಿಯಮ. ಅದನ್ನೇ ಸ್ವಲ್ಪ ಬದಲಿಸಿ ನನಗಾಗಿ ಒಂದು ನಿಯಮ ಮಾಡಿಕೊಂಡೆ. ಈ ಊರಿನಲ್ಲಿ ನನ್ನೊಡನೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಮಾತಾಡುವವರು ಇದ್ದಾರೆ. ಬೆನ್ನ ಹಿಂದೆ ಕನ್ನಡದಲ್ಲಿ ಮಾತಾಡುವವರು ಇಲ್ಲ. ಕನ್ನಡ ಕೇಳಿಸಿದರೆ ತಿರುಗಬಾರದು.

ನಿಯಮ ಚೆನ್ನಾಗಿ ಕೆಲಸ ಮಾಡಿತು. ಅದರ ಜೊತೆಗೆ ನನ್ನ ಭಾಷೆಯೂ ಹೋಯಿತು. ಬಸ್ಸಿನಲ್ಲಿ ಯಾರದೋ ಸಂಸಾರ ಕನ್ನಡ ಮಾತಾಡುವಂತೆ ಕೇಳಿಸಿದರೆ ಕಿಟಕಿಯಾಚೆ ನೋಡುತ್ತಿದ್ದೆ. ಆ ದನಿ ಫೋನಿನಲ್ಲಿ ಮಾತ್ರ ಎಂದೂ ಬಂದಿರಲಿಲ್ಲ. ಹಾಗಾಗಿ ಭಾನುವಾರ ಎಸ್‌ಟಿಡಿ ಬೂತಿನ ಗಾಜಿನ ಪೆಟ್ಟಿಗೆಯೊಳಗೆ ನಿಂತು ಅಮ್ಮನ ಜೊತೆ ಆಡುವ ಮಾತಷ್ಟೇ ನನ್ನ ಕನ್ನಡ. ಸಾರಿಗೆ ಏನು ಹಾಕಿದೆ, ಮಾತ್ರೆ ತಗೊಂಡೆಯಾ, ಅಷ್ಟೇ.

ಹೀಗೇ ಕೆಲವು ವರ್ಷ ಕಳೆದವು. ಪ್ರಮೋಷನ್ ಕೂಡ ಬಂತು.

ಒಮ್ಮೆ ರಜೆ ಮುಗಿಸಿ ಬಂದ ಸಂಜೆ, ಪುಟವನ್ನು ಅಚ್ಚಿಗೆ ಕಳಿಸುವ ಅವಸರ. ಕಾಸಿಮೇಡು ಬಂದರಿನ ಮೀನು ಹರಾಜಿನ ಫೋಟೋ ಒಂದು, ತೀರಿಕೊಂಡ ಶಾಲಾ ಹೆಡ್‌ಮಿಸ್ಟ್ರೆಸ್ ಒಬ್ಬರ ಫೋಟೋ ಇನ್ನೊಂದು. ಬೆನ್ನ ಹಿಂದೆ ಹೆಣ್ಣು ದನಿ: "ಮೇಡಂ, ಫೋಟೋ ಅದ್ಲುಬದ್ಲು ಆಗೋಗದೆ. ವಸಿ ನೋಡಿ."

ನಾನು ತಿರುಗಲಿಲ್ಲ.

"ಮೇಡಂ... ಕೇಳ್ಸ್ತಾ?"

ನೋಡು ಅಂದರೆ ನೋಡಬಾರದು. ಇಷ್ಟು ವರ್ಷ ನನ್ನನ್ನು ಉಳಿಸಿದ್ದೇ ಅದು. ಪುಟ ಕಳಿಸಿದೆ.

ಬೆಳಿಗ್ಗೆ ಪತ್ರಿಕೆಯಲ್ಲಿ ಆ ಹೆಡ್‌ಮಿಸ್ಟ್ರೆಸ್ ಮುಖದ ಕೆಳಗೆ 'ಹರಾಜಿಗೆ ಸಿದ್ಧವಾದ ವಂಜರಂ ಮೀನು' ಎಂಬ ಸಾಲಿತ್ತು.

ಅವರ ಮಗ ಆಫೀಸಿಗೆ ಬಂದು ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೋದರು. ನ್ಯೂಸ್ ಎಡಿಟರ್ ಎಡ್ವಿನ್ ಸರ್ ನನ್ನನ್ನು ಕೋಣೆಗೆ ಕರೆದರು. ಗದರಿಸುವಾಗ ತಮಿಳು, ಗಂಭೀರವಾದಾಗ ಇಂಗ್ಲಿಷ್ ಆಡುವವರು. ಅಂದು ಇಂಗ್ಲಿಷ್.

"ನೀನು ರಜೆಯಲ್ಲಿದ್ದಾಗ ಪುಟ ಜೋಡಿಸಲು ಸೇರಿದ ಹೊಸ ಆರ್ಟಿಸ್ಟ್ ಭಾಗ್ಯ, ನಿಮ್ಮ ಕರ್ನಾಟಕದ ಹುಡುಗಿ, ಎರಡು ಸಲ ಹೇಳಿದಳಂತೆ. ನೀನು ತಿರುಗಿಯೂ ನೋಡಲಿಲ್ಲವಂತೆ. ಅವಳು ಅಳುತ್ತಿದ್ದಾಳೆ. ಎಂಡಿ ನಿನ್ನ ರಾಜೀನಾಮೆ ಕೇಳುತ್ತಿದ್ದಾರೆ. ನಿನಗೆ ಕೇಳಿಸಿತೋ ಇಲ್ಲವೋ?"

ಇಲ್ಲ ಎಂದಿದ್ದರೆ ಭಾಗ್ಯ ಸುಳ್ಳುಗಾತಿಯಾಗುತ್ತಿದ್ದಳು.

"ಕೇಳಿಸಿತು ಸರ್. ಅವಳು ನಿಜವಾಗಿ ಇದ್ದಾಳೆ ಅಂತ ಗೊತ್ತಾಗಲಿಲ್ಲ."

ಉಳಿದದ್ದನ್ನೂ ಹೇಳಿದೆ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ನನ್ನ ನಿಯಮ, ಎಲ್ಲವನ್ನೂ ವರದಿ ಒಪ್ಪಿಸುವ ಹಾಗೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ತಮಿಳಿಗೆ ಬಂದರು.

"ಸರಿ ಮಾ. ಎಂಡಿಯನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನ ಕುರ್ಚಿ ಎಲ್ಲಿದೆ?"

ಮರುದಿನ ಅಟೆಂಡರ್‌ಗಳು ನನ್ನ ಮೇಜನ್ನು ಮೂಲೆಗೆ ಎಳೆದರು. ಕುರ್ಚಿಯ ಬೆನ್ನು ಗೋಡೆಗೆ ತಾಗುತ್ತಿತ್ತು. ನನಗೆ ಏನು ಹೇಳಬೇಕಾದರೂ ಎದುರು ಬಂದು ನಿಂತು ಹೇಳಬೇಕೆಂದು ಎಡ್ವಿನ್ ಸರ್ ಎಲ್ಲರಿಗೂ ತಿಳಿಸಿದರು. ಕಾರಣ ಕೊಡಲಿಲ್ಲ. ವಾರದೊಳಗೆ ಟೈಫಾಯ್ಡ್‌ನಿಂದ ನನ್ನ ಕಿವಿ ಹೋಗಿದೆ ಎಂಬ ಸುದ್ದಿ ಆಫೀಸಿನಲ್ಲೆಲ್ಲ ಹಬ್ಬಿತು. ತಪ್ಪು ತಿದ್ದುವುದೇ ಕಸುಬಾದ ನಾನು ಅದೊಂದನ್ನು ತಿದ್ದಲಿಲ್ಲ. ಜನ ನನ್ನ ಮುಂದೆ ನಿಂತು ಕೂಗಿ ಮಾತಾಡಿದರು. ಹೆಚ್ಚಿನವರು ಕೂಗುವ ಕಷ್ಟ ಬೇಡವೆಂದು ಬರುವುದನ್ನೇ ಬಿಟ್ಟರು.

ಭಾಗ್ಯ ಬಿಡಲಿಲ್ಲ. ಮಂಡ್ಯದವಳು, ತಮಿಳು ಬಾರದು, ಮಾತಾಡಲು ಬೇರೆ ಯಾರೂ ಇಲ್ಲ. "ಮೇಡಂ! ಊಟ ಆಯ್ತಾ!" ಎಂದು ಇಡೀ ಡೆಸ್ಕಿಗೆ ಕೇಳುವಂತೆ ಕಿರುಚುತ್ತಿದ್ದಳು. ಡಬ್ಬಿ ತೆರೆದು ಉಪ್ಸಾರಿನ ವಾಸನೆ ತೋರಿಸುತ್ತಿದ್ದಳು. ಅವಳ ತುಟಿ ಅಲುಗುವುದನ್ನು ನೋಡುತ್ತಾ ನಾನು ಕನ್ನಡದಲ್ಲಿ ಉತ್ತರ ಕೊಡಲು ಮತ್ತೆ ಕಲಿತೆ.

ಕೆಲವು ವರ್ಷದ ಮೇಲೆ ಭಾಗ್ಯ ಮದುವೆಯಾಗಿ, ಕೆಲಸ ಬಿಟ್ಟು ಅಂಬತ್ತೂರಿಗೆ ಹೊರಟು ನಿಂತಾಗ ಅವಳಿಗೆ ನಿಜ ಹೇಳಿದೆ. ಹೆದರುತ್ತಾಳೆಂದುಕೊಂಡಿದ್ದೆ.

"ಅಂಗಾರೆ ಕಿವಿ ಚೆನ್ನಾಗೇ ಅದಾ?" ಕಣ್ಣು ಅರಳಿಸಿದಳು. "ಇಷ್ಟ್ ವರ್ಷ ಸುಮ್‌ಸುಮ್ನೆ ಗಂಟ್ಲು ಹರ್ಕೊಂಡ್ನಾ ನಾನು?"

ನಕ್ಕೆ. ಆಮೇಲೆ ಅವಳೂ.

ಅವಳ ಮೇಜಿನಲ್ಲಿ ಈಗ ಬೇರೆಯವರಿದ್ದಾರೆ. ಮಾತ್ರೆ ಮುಂದುವರಿದಿದೆ, ಕೈ ಇನ್ನೂ ಸ್ವಲ್ಪ ನಡುಗುತ್ತದೆ. ಕೆಲವು ಮಧ್ಯಾಹ್ನ ಬೆನ್ನ ಹಿಂದಿನಿಂದ ಆ ಹಳೆಯ ಹೆಂಗಸು ಮೈಸೂರಿನ ಕನ್ನಡದಲ್ಲಿ ಏನೋ ಹೇಳುತ್ತಾಳೆ. ಹಿಂದೆ ಒಬ್ಬರು ನಿಲ್ಲುವಷ್ಟು ಜಾಗವಿಲ್ಲ. ತಲೆಯನ್ನು ಹಿಂದಕ್ಕೆ ಒರಗಿಸಿ, ಗೋಡೆಯ ತಂಪು ತಾಗುವವರೆಗೆ ಕಾಯುತ್ತೇನೆ. ಆಮೇಲೆ ಎದುರಿನ ಪುಟ ನೋಡುತ್ತೇನೆ.