ಅಲ್ಪವಿರಾಮವಿಲ್ಲದ ಬಾಗಿಲು

ತರಗತಿಯ ಬಾಗಿಲು ಮುಚ್ಚಿದರೆ ಆ ಹುಡುಗಿಗೆ ಉಸಿರು ಕಟ್ಟುತ್ತಿತ್ತು. ಅಂಗೈ ಬೆವೆತು ಪುಸ್ತಕದ ಪುಟ ಒದ್ದೆಯಾಗುತ್ತಿತ್ತು. ಅವಳನ್ನು ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿ, ಕದ ಮುಚ್ಚದಂತೆ ಒಂದು ಇಟ್ಟಿಗೆ ಅಡ್ಡವಿಟ್ಟೆ. ಅಂದಿನಿಂದ ಅವಳು ಎಲ್ಲರ ಬಾಯಲ್ಲೂ ಬಾಗಿಲಮ್ಮ. ಅಕ್ಷರ ಮುತ್ತಿನಂತಿತ್ತು. ಅಲ್ಪವಿರಾಮ ಹಾಕೆಂದು ಹೇಳಿ ಹೇಳಿ ನನ್ನ ಗಂಟಲು ಹರಿದದ್ದೇ ಬಂತು.

"ಓದುವಾಗ ನಾನು ಉಸಿರೇ ತಗೊಳಲ್ಲ ಮೇಷ್ಟ್ರೇ, ಇನ್ನು ಅಲ್ಪವಿರಾಮ ಯಾಕೆ?" ಎನ್ನುತ್ತಿದ್ದಳು.

ಬೆಳೆದು ಹೊಲಿಗೆಯವಳಾದಳು. ಊರಾಚೆ ಖಾಸಗಿ ಕಂಪನಿಯೊಂದು ದೊಡ್ಡ ಷೆಡ್ಡು ಹಾಕಿ ಬಾಹ್ಯಾಕಾಶ ನಿಲ್ದಾಣ ಕಟ್ಟತೊಡಗಿತ್ತು. ಸರ್ಕಾರದ್ದಲ್ಲ, ಕಟ್ಟುವವರೂ ನಡೆಸುವವರೂ ಅವರೇ. ಭೂಮಿಯನ್ನು ಸುತ್ತುವ ಆ ಮನೆಯಲ್ಲಿ ಸಂಶೋಧಕರಿಗೂ ಪ್ರವಾಸಿಗರಿಗೂ ಕೋಣೆ ಕೊಡುವುದು ಅವರ ಉದ್ದೇಶ. ಕೋಣೆಯೆಂದರೆ ಬಸ್ಸಿನಷ್ಟು ಉದ್ದದ ಲೋಹದ ಉರುಳೆ. ಅದರ ಗೋಡೆಗೆ ದಪ್ಪ ಬಟ್ಟೆಯ ಹೊದಿಕೆ, ಸಾಮಾನು ತೇಲಿಹೋಗದಂತೆ ಜೇಬು, ಹಿಡಿದುಕೊಳ್ಳಲು ಪಟ್ಟಿ ಎಲ್ಲವೂ ಬಾಗಿಲಮ್ಮನ ಕೈಕೆಲಸ. ಹತ್ತು ವರ್ಷ ಆ ಉರುಳೆಗಳೊಳಗೆ ಕೂತು ಹೊಲಿದಳು, ಬಾಗಿಲು ತೆರೆದಿಟ್ಟುಕೊಂಡೇ.

ಅಲ್ಲೊಂದು ನಿಯಮವಿತ್ತು. ಕೋಣೆ ಸಾಗಿಸುವ ಮೊದಲು ಬಾಗಿಲು ಬಿಗಿದು, ಒಳಗೆ ಗಾಳಿಯ ಒತ್ತಡ ಏರಿಸುತ್ತಾರೆ. ಹೊದಿಕೆ ಹೊಲಿದವರು ಆರು ಗಂಟೆ ಒಳಗೇ ಇದ್ದು ಹೊಲಿಗೆಯನ್ನು ಪರೀಕ್ಷಿಸಬೇಕು. ಇಷ್ಟು ದಿನ ಅವಳ ಬದಲು ಹಿರಿಯ ದರ್ಜಿಯೊಬ್ಬರು ಕೂರುತ್ತಿದ್ದರು. ಅವರು ನಿವೃತ್ತರಾದರು.

"ಕೂರದಿದ್ರೆ ನಿಮ್ಮನ್ನ ಪ್ಯಾಕಿಂಗಿಗೆ ಹಾಕ್ತಾರಂತೆ ಅಕ್ಕ," ಎಂದ ಕೋಣೆ ಜೋಡಿಸುವ ಮೇಸ್ತ್ರಿ.

ಸೂಜಿ ಕಿತ್ತುಕೊಂಡರೆ ಅವಳಿಗೆ ಕೈಯನ್ನೇ ಕಿತ್ತುಕೊಂಡಂತೆ. ಒಪ್ಪಿದಳು.

ಬಾಗಿಲು ಮುಚ್ಚಿತು. ಕಿವಿ ಗುಂಯ್ಗುಟ್ಟಿತು. ಗೋಡೆ ಹತ್ತಿರ ಹತ್ತಿರ ಸರಿದು ಬರುತ್ತಿದೆ ಎನ್ನಿಸಿ, ಕಣ್ಣು ಮುಚ್ಚಿ ಬೆರಳಲ್ಲೇ ಹೊಲಿಗೆಗಳನ್ನು ಎಣಿಸಿದಳು. ಸಾವಿರದವರೆಗೆ ಎಣಿಸಿ ಮತ್ತೆ ಒಂದರಿಂದ ಹಿಡಿದಳು. ನಾಲ್ಕನೆಯ ಗಂಟೆಗೆ ತಡೆಯಲಾಗಲಿಲ್ಲ. ಗೋಡೆಯ ಮೈಕಿಗೆ ಬಾಯಿಟ್ಟು ಹೇಳಿದಳು: "ಮೇಸ್ತ್ರಿ, ಪ್ಯಾಕಿಂಗಿಗೇ ಹಾಕ್ಲಿ. ತೆಗೀರಿ."

ಹೊರಗೆ ದಡಬಡ ಸದ್ದು. ಆಮೇಲೆ ಮೇಸ್ತ್ರಿಯ ದನಿ.

"ಗಾಬರಿ ಆಗ್ಬೇಡಿ ಅಕ್ಕ. ಗಾಳಿ ಬಿಡೋ ತಿರುಪು ಈ ಕಡೆ ಸಿಕ್ಕೊಂಡಿದೆ. ಒಳಗಿನ ಗಾಳಿ ಒತ್ತಿ ಹಿಡಿದಿರೋವರೆಗೂ ಬಾಗಿಲು ಅಲ್ಲಾಡಲ್ಲ. ಪಕ್ಕದಲ್ಲಿ ಕೆಂಪು ಪಟ್ಟಿ ಇದೆಯಲ್ಲ, ಎಳೀರಿ. ಗಾಳಿ ಇಳಿಯುತ್ತೆ."

"ಎಲ್ಲಿದೆ? ಇಲ್ಲೇನೂ ಇಲ್ಲ!"

"ನೀವೇ ಹೊಲಿದಿದ್ದಲ್ವಾ?"

"ಹೊಲಿದು ನಿಮ್ಮ ಕೈಗೇ ಕೊಟ್ಟೆ. 'ತೆರೆ ಎಳೆ' ಅಂತ ಅಕ್ಷರಾನೂ ಹಾಕಿದ್ದೆ."



"ಅಯ್ಯೋ ಅಕ್ಕ! ತೆರೆ ಅಂದ್ರೆ ಪರದೆ ಅಂದ್ಕೊಂಡು ಮಲಗೋ ಗೂಡಿನ ಪರದೆಗೆ ಕಟ್ಟಿಬಿಟ್ಟೆ. ಎಳ್ಕೊಂಡು ಮಲಗಲಿ ಅಂತ!"

"ನನ್ನನ್ನ ಮಲಗಿಸಿಬಿಟ್ರಲ್ಲ ಮೇಸ್ತ್ರಿ!"

"ಬಾಗಿಲ ಬಲಕ್ಕೆ, ಹೊದಿಕೆಯ ಹಿಂದೆ ಆ ಪಟ್ಟಿ ಕಟ್ಟಬೇಕಿದ್ದ ಹಿಡಿಕೆ ಇದೆ. ಸೀಳಿನೊಳಗೆ ಕೈ ಹಾಕಿ."

ಆ ಸೀಳು ಈಗ ಇರಲಿಲ್ಲ. 'ಇಲ್ಲೊಂದು ಕಡೆ ಹೊಲಿಗೆ ಬಿಟ್ಟುಹೋಗಿದೆ' ಎಂದು ಹೋದ ವಾರ ಮೇಸ್ತ್ರಿಯೇ ತೋರಿಸಿದ್ದ. ಎರಡೆರಡು ಸಲ ಹೊಲಿದು ಮುಚ್ಚಿದವಳು ಅವಳೇ. ಕತ್ತರಿ ಒಳಗೆ ಒಯ್ಯುವಂತಿರಲಿಲ್ಲ. ತಲೆಯ ಪಿನ್ನು ಕಿತ್ತು ಒಂದೊಂದೇ ಹೊಲಿಗೆ ಎಬ್ಬಿಸತೊಡಗಿದಳು. ಪಿನ್ನಿಗೆ ನೂಲು ಸಿಗದು, ಸಿಕ್ಕಿದರೆ ಜಾರುವುದು.

"ಎಳೆದು ಹರಿದುಬಿಡಿ ಅಕ್ಕ!"

"ಇದು ನನ್ನ ಹೊಲಿಗೆ ಕಣ್ರೀ, ನೀವು ಕಟ್ಟೋ ಗಂಟಲ್ಲ, ಎಳೆದ ತಕ್ಷಣ ಬರೋಕೆ!"

ಬಹಳ ಹೊತ್ತಿನ ಮೇಲೆ ಎರಡು ಬೆರಳು ತೂರುವಷ್ಟು ಜಾಗವಾಯಿತು. ಹಿಡಿಕೆ ಸಿಕ್ಕಿತು. ಗಾಳಿ ಭುಸ್ಸೆಂದಿತು. ಬಾಗಿಲು ಬಿಟ್ಟಾಗ ಅವಳು ತೆವಳಿಕೊಂಡೇ ಹೊರಬಂದಳು. ಮೇಸ್ತ್ರಿ ಗಡಿಯಾರ ನೋಡಿದ. ಅವಳು ಒಳಗೆ ಹೋಗಿ ಆರು ಗಂಟೆ ಹತ್ತು ನಿಮಿಷವಾಗಿತ್ತು.

"ಅಕ್ಕ, ನೀವು ಪಾಸು! ಸೂಜಿ ನಿಮ್ದೇ."

ಇದನ್ನೆಲ್ಲ ಅವಳೇ ನನ್ನ ಮನೆಗೆ ಬಂದು ಹೇಳಿದಳು. ಬಾಗಿಲಲ್ಲೇ ಕೂತು, ಹೊಸ ಪಟ್ಟಿಯೊಂದನ್ನು ಮೊಣಕಾಲ ಮೇಲೆ ಹರಡಿ ತೋರಿಸಿದಳು: 'ತೆರೆ, ಎಳೆ'. ಅಲ್ಪವಿರಾಮ ಅಕ್ಷರಕ್ಕಿಂತ ದಪ್ಪವಾಗಿತ್ತು.

"ಈಗ ತಪ್ಪಿಲ್ಲ ತಾನೆ ಮೇಷ್ಟ್ರೇ?"

"ಇಲ್ಲಮ್ಮ," ಎಂದೆ. ಅಂದು ಬಾಗಿಲಿಗೆ ಇಟ್ಟಿಗೆ ಅಡ್ಡವಿಟ್ಟು ಅವಳಿಗೆ ಉಪಕಾರ ಮಾಡಿದೆನೋ ಅಪಕಾರವೋ, ನನಗೆ ಇಂದಿಗೂ ತಿಳಿಯದು.

"ಮುಂದಿನ ತಿಂಗಳು ಇನ್ನೊಂದು ಕೋಣೆ ಇದೆ," ಎಂದಳು. ಮಾತು ಮುಗಿಯುವವರೆಗೂ ಅವಳ ಒಂದು ಕಾಲು ನನ್ನ ಮನೆಯ ಹೊಸ್ತಿಲ ಆಚೆಗೇ ಇತ್ತು.