ಅಲ್ಲಾಡಿಸಿ ನೋಡಿದ ಗಿಟಾರು

ಹೊಸದೇನು ಕಂಡರೂ ನಮ್ಮ ಕಡೆ ಮೊದಲ ಮಾತು ಒಂದೇ: ‘ಎಷ್ಟಾಯ್ತು?’ ಸೀರೆಯಾಗಲಿ, ಮಿಕ್ಸಿಯಾಗಲಿ, ಹಲ್ಲಿನ ಸೆಟ್ಟಾಗಲಿ, ಅದನ್ನು ಕೇಳದೆ ಯಾರೂ ಮುಂದಕ್ಕೆ ಹೋಗುವುದಿಲ್ಲ. ಕೇಳಿದವರಿಗೆ ಬೆಲೆ ಇಳಿಸಿ ಹೇಳುವುದು ನಮ್ಮ ಹೆಂಗಸರ ರೂಢಿ. ಎರಡು ಸಾವಿರದ ಸೀರೆಗೆ ಎಂಟುನೂರು ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಆದರೆ ನನ್ನ ಗಿಟಾರಿನ ಬೆಲೆಯಲ್ಲಿ ಒಂದು ರೂಪಾಯಿಯನ್ನೂ ಇಳಿಸಿಲ್ಲ, ಇಳಿಸುವುದೂ ಇಲ್ಲ. ಒಂದು ಲಕ್ಷದ ಹತ್ತು ಸಾವಿರ. ಅದೂ ಸೆಕೆಂಡ್ ಹ್ಯಾಂಡು. ಬಾಯಿ ಮೇಲೆ ಕೈ ಇಟ್ಟುಕೊಳ್ಳುವವರು ಧಾರಾಳವಾಗಿ ಇಟ್ಟುಕೊಳ್ಳಲಿ.

ನನಗೀಗ ನಲವತ್ತೊಂಬತ್ತು. ಮನೆ ಹೊಳೆನರಸೀಪುರ, ದಿನಾ ಬಸ್ಸು ಹತ್ತಿ ಅರಕಲಗೂಡಿಗೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಹಾಸನದಲ್ಲಿ ಬಿ.ಎಸ್ಸಿ. ಓದುವಾಗ ಗಿಟಾರು ಕಲಿತೆ. ಇಪ್ಪತ್ತೆರಡು ವರ್ಷದಿಂದ ರಜೆಯ ದಿನಗಳಲ್ಲಿ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಾ ಬಂದಿದ್ದೇನೆ. ನನ್ನ ಗಂಡ ಈ ಕಥೆಯಲ್ಲಿ ಹೆಚ್ಚು ಬರುವುದಿಲ್ಲ. ‘ನಿನ್ನ ದುಡ್ಡು, ನಿನ್ನ ತಲೆನೋವು’ ಎಂದು ಪೇಪರಿನ ಹಿಂದೆ ಹೋದವರು ಇನ್ನೂ ಈಚೆ ಬಂದಿಲ್ಲ. ಇಲ್ಲಿ ಬರುವವರು ನಮ್ಮಪ್ಪ.

ಅಪ್ಪನದು ಅದೇ ಊರಲ್ಲಿ ತೆಂಗಿನಕಾಯಿ ಮಂಡಿ. ವಯಸ್ಸು ಎಪ್ಪತ್ತೆಂಟಾದರೂ ಬೆಳಿಗ್ಗೆ ಎಂಟಕ್ಕೆಲ್ಲ ಗಾದಿಯ ಮೇಲೆ ಕೂತಿರುತ್ತಾರೆ. ಕೊಬ್ಬರಿಗೆಂದು ಇಟ್ಟ ಕಾಯನ್ನು ಒಡೆದು ನೋಡಿ ಕೊಳ್ಳುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೊಳ್ಳುತ್ತಾರೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿದ್ದು ಒಣಗಿದ ಕಾಯಿಯಲ್ಲಿ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಉರುಳುತ್ತದೆ. ಕಟಕಟ ಅಂದರೆ ಒಳ್ಳೆಯ ಮಾಲು. ನೀರಿನ ಸದ್ದು ಬಂದರೆ ಇನ್ನೂ ಆಗಿಲ್ಲ. ಸದ್ದು ಮಂಕಾಗಿದ್ದರೆ ಕೊಳೆತಿದೆ. ಇಷ್ಟೇ ವಿದ್ಯೆ, ಆದರೆ ಎಲ್ಲರಿಗೂ ಬರುವುದಿಲ್ಲ. ನನಗೆ ಎಂಟು ವರ್ಷಕ್ಕೇ ಬಂದಿತ್ತು. ಮಂಡಿಯ ಅಟ್ಟದ ಮೇಲೆ ಕೂತು ಒಂದೊಂದೇ ಕಾಯಿ ಅಲ್ಲಾಡಿಸಿ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದೆ.

ಹನ್ನೊಂದನೇ ವಯಸ್ಸಿನಲ್ಲಿ ಒಂದು ದಿನ ಚನ್ನರಾಯಪಟ್ಟಣದ ಕಡೆಯಿಂದ ಒಂದು ಲೋಡು ಬಂತು. ಅಪ್ಪ ಮೇಲಿನ ನಾಲ್ಕು ಕಾಯಿ ಅಲ್ಲಾಡಿಸಿ ‘ಒಳ್ಳೆ ಮಾಲು’ ಅಂದರು. ನಾನು ಅಡಿಯಿಂದ ಹತ್ತು ಕಾಯಿ ತೆಗೆದು ನೋಡಿ, ‘ಅಪ್ಪ, ಕೆಳಗಿನವು ಕೊಳೆತಿವೆ’ ಅಂದೆ. ನಾಲ್ಕು ಜನ ವ್ಯಾಪಾರಿಗಳು ಎದುರಿಗಿದ್ದರು. ‘ನಾನು ಒಳ್ಳೆ ಮಾಲು ಅಂದ್ಮ್ಯಾಕೆ ಮುಗೀತು’ ಎಂದು ಅಪ್ಪ ಲೋಡು ಇಳಿಸಿಕೊಂಡರು. ಒಡೆದ ದಿನ ಮಂಡಿಯೊಳಗೆ ಮೂಗು ಮುಚ್ಚದೆ ನಿಲ್ಲುವ ಹಾಗಿರಲಿಲ್ಲ. ಮಾರನೇ ದಿನ ಅಟ್ಟದ ಏಣಿ ತೆಗೆಸಿದರು. ದೊಡ್ಡವಳಾಗುತ್ತಿದ್ದಾಳೆ, ಮಂಡಿಯಲ್ಲಿ ಕೂತರೆ ಜನ ಏನಂತಾರೆ ಎಂಬ ಕಾರಣ ಕೊಟ್ಟರು. ನಾನು ಅತ್ತು, ಊಟ ಬಿಟ್ಟು, ಕೊನೆಗೆ ಸುಮ್ಮನಾದೆ. ಆ ಸುಮ್ಮನಾದದ್ದಕ್ಕೆ ನನಗೆ ಇವತ್ತಿಗೂ ನನ್ನ ಮೇಲೆಯೇ ಸಿಟ್ಟಿದೆ.

ಈಗ ಗಿಟಾರಿನ ಕಥೆ. ಇಷ್ಟು ವರ್ಷ ನಾನು ನುಡಿಸುತ್ತಿದ್ದದ್ದು ನನ್ನ ಗಿಟಾರಲ್ಲ, ಆರ್ಕೆಸ್ಟ್ರಾ ಓನರಿನದು. ಅಗ್ಗದ ಮಾಲು. ಮೂರನೇ ಹಾಡಿಗೆ ತಂತಿ ಸಡಿಲ, ಫ್ರೆಟ್ಟೆನ್ನುವ ಲೋಹದ ಪಟ್ಟಿಯ ಅಂಚು ತಗುಲಿ ಬೆರಳು ಗಾಯ. ಹಿಂದೆ ನಿಂತು ರಿದಮ್ ಹೊಡೆಯುವುದಷ್ಟೇ ನನ್ನ ಕೆಲಸ. ಕೀಬೋರ್ಡು ಓನರೇ ನುಡಿಸುತ್ತಿದ್ದ. ಈ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ರಿಹರ್ಸಲ್ಲಿನಲ್ಲಿ ಅವನ ಕೀಬೋರ್ಡು ಅರ್ಧ ಸ್ವರ ಮೇಲೆ ಕೂತಿತ್ತು. ಹಾಡುವ ಹುಡುಗಿ ಪಾಪ ಕಿರುಚುತ್ತಿದ್ದಳು. ‘ಶ್ರುತಿ ತಪ್ಪಿದೆ ಸರ್, ಹುಡುಗಿಯದ್ದಲ್ಲ, ನಿಮ್ಮದು’ ಅಂದೆ. ಅವನು ಎದ್ದು ಬಂದು ನನ್ನ ಕುತ್ತಿಗೆಯಿಂದ ಗಿಟಾರಿನ ಬೆಲ್ಟು ತೆಗೆದ.

‘ಗಿಟಾರ್ ನಂದು, ಕಿವಿ ನಿಮ್ದು. ನಿಮ್ ಕಿವಿ ತಗೊಂಡು ಮನೆಗೆ ಓಗಿ ಮೇಡಂ.’

ಹೋದೆ. ಆದರೆ ಈ ಸಲ ಸುಮ್ಮನಾಗಲಿಲ್ಲ. ಹಾಸನದ ಇನ್ನೊಂದು ಆರ್ಕೆಸ್ಟ್ರಾಗೆ ಅವತ್ತೇ ಫೋನು ಮಾಡಿದೆ. ‘ಸ್ವಂತ ಗಿಟಾರಿದ್ರೆ ಬನ್ನಿ ಮೇಡಂ. ಬಾಗೂರಿನ ಗಣಪತಿ ಪ್ರೋಗ್ರಾಮಿಗೆ ಲೀಡ್ ನೀವೇ, ಮುಂದೆ ನಿಂತು ನುಡಿಸ್ಬೋದು. ಇಲ್ದಿದ್ರೆ ಬೇರೆಯವ್ರನ್ನ ನೋಡ್ಕೋತೀವಿ’ ಅಂದರು. ಹಬ್ಬಕ್ಕೆ ಎರಡು ವಾರವಿತ್ತು. ನನ್ನ ಚೀಟಿಯ ದುಡ್ಡು ಕೈಗೆ ಬಂದಿತ್ತು. ಹಾಸನದಲ್ಲಿ ಒಬ್ಬರು ಫಾರಿನ್ ಗಿಟಾರು ಮಾರುತ್ತಾರೆಂದು ಗೊತ್ತಾಯಿತು. ಒಂದು ಲಕ್ಷ ಎಂಬತ್ತು ಸಾವಿರ ಹೇಳಿದ್ದರು.

ನೆಂಟರೆಲ್ಲ ಎಗರಾಡಿದರು. ಹತ್ತು ಸಾವಿರದ್ದು ಸಾಲದೇ? ಅಷ್ಟರಲ್ಲಿ ಕೈಗೆ ಚಿನ್ನದ ಬಳೆ ಆಗುತ್ತಿತ್ತಲ್ಲ? ಆಹಾ! ಅದೇ ದುಡ್ಡು ಮಣಿಕಟ್ಟಿಗೆ ಹಾಕಿದರೆ ಸಾರ್ಥಕ, ಅದರ ತುದಿಯಲ್ಲಿರುವ ಬೆರಳಿಗೆ ಕೊಟ್ಟರೆ ದಂಡ! ಇವರ ಮನೆಯ ಗಂಡಸರು ಸುಮ್ಮನೆ ಶೋಕಿಗೆ ಅಷ್ಟೇ ಬೆಲೆಯ ಬೈಕು ತಂದು ನಿಲ್ಲಿಸಿದಾಗ ಪೂಜೆ ಮಾಡಿ ನಿಂಬೆಹಣ್ಣು ಇಡಲಿಲ್ಲವೇ? ನಾನು ಇದನ್ನು ಕೇಳಿಯೇ ಕೇಳಿದೆ. ಅಪ್ಪ ಟವೆಲ್ಲು ಕೊಡವಿ ಎದ್ದರು. ‘ಮಾಲು ನೋಡೋಕ್ ನಾನೂ ಬತ್ತೀನಿ. ನಿನ್ನ ಯಾಮಾರ್ಸ್ಬುಡ್ತಾರೆ.’

ಇಬ್ಬರೂ ಬಸ್ಸಿನಲ್ಲಿ ಹಾಸನಕ್ಕೆ ಹೋದೆವು. ಮಾರುವವರು ಸಿಮೆಂಟು ವ್ಯಾಪಾರಿ. ಹಾಲಿನ ಗೋಡೆಗೆ ಐದಾರು ಗಿಟಾರು ನೇತುಹಾಕಿದ್ದರು. ಕಾಫಿ ಕೊಟ್ಟು, ನಾನು ಎಲ್ಲಿ ಏನು ನುಡಿಸುತ್ತೇನೆ ಎಂದು ಕೇಳಿಕೊಂಡರು. ಕೊಳ್ಳುವವಳು ನಾನು, ಅವರು ಮಾತಾಡಿದ್ದೆಲ್ಲ ಅಪ್ಪನ ಮುಖ ನೋಡಿಕೊಂಡು.

‘ಹೊಸದು ಎರಡೂವರೆ ಲಕ್ಷ ಯಜಮಾನ್ರೇ. ಒಂದು ಸ್ಕ್ರೂ ಬಿಚ್ಚಿಲ್ಲ. ಕಂಪನಿಯಿಂದ ಬಂದ ಹಾಗೇ ಇದೆ.’

ಆಮೇಲೆ ಆಂಪಿನ ಸ್ಪೀಕರ್ ಪೆಟ್ಟಿಗೆಗೆ ಸಿಕ್ಕಿಸಿ ಕಿಟಕಿಯ ಗಾಜು ನಡುಗುವಂತೆ ಬಾರಿಸಿದರು. ಅಷ್ಟು ಗದ್ದಲದಲ್ಲಿ ಯಾವ ಗಿಟಾರೂ ಚೆನ್ನಾಗಿಯೇ ಕೇಳುತ್ತದೆ. ನಿಲ್ಲಿಸಿದ ಮೇಲೆ ಅಪ್ಪ ಕೈ ಚಾಚಿ ಗಿಟಾರು ಇಸಿದುಕೊಂಡರು. ನಾನು ಬೇಡ ಅನ್ನುವಷ್ಟರಲ್ಲಿ ಎರಡೂ ಕೈಯಲ್ಲಿ ಎತ್ತಿ, ಕಿವಿಯ ಹತ್ತಿರ ಹಿಡಿದು, ಜೋರಾಗಿ ಅಲ್ಲಾಡಿಸಿದರು.

ಕಟಕಟ.

ಅಪ್ಪನ ಮುಖ ಅರಳಿತು. ‘ಚಿಪ್ಪು ಬುಟ್ಟೈತೆ ಕಣವ್ವಾ! ಒಳ್ಳೇ ಬುಟ್ಟೈತೆ! ಚೆನ್ನಾಗ್ ಒಣಗಿರೋ ಮಾಲು. ತಗೋ.’

ವ್ಯಾಪಾರಿಗೆ ಏನೂ ಅರ್ಥವಾಗದಿದ್ದರೂ ಹೊಗಳಿಕೆ ಎಂದು ಗೊತ್ತಾಯಿತು. ‘ನೋಡಿ ಮೇಡಂ, ಯಜಮಾನ್ರಿಗೆ ತಿಳೀತು’ ಅಂದರು. ನನಗೆ ತಡೆಯಲಾರದಷ್ಟು ನಗು ಬಂತು. ಆ ನಗು ಅರ್ಧಕ್ಕೇ ನಿಂತಿತು. ಇದು ಟೊಳ್ಳು ಗಿಟಾರಲ್ಲ, ಇಡೀ ಮರದ ಹಲಗೆ. ಇದರೊಳಗೆ ಏನೂ ಉರುಳಬಾರದು. ಉರುಳುತ್ತಿದೆ ಅಂದರೆ ಯಾರೋ ಬಿಚ್ಚಿದ್ದಾರೆ.

‘ಆಂಪ್ ಆಫ್ ಮಾಡಿ’ ಅಂದೆ.

‘ಎಲೆಕ್ಟ್ರಿಕ್ ಗಿಟಾರನ್ನ ಕರೆಂಟಿಲ್ಲದೆ ಹೇಗೆ ನೋಡ್ತೀರಾ?’

‘ಹೀಗೆ.’

ಮಡಿಲಲ್ಲಿಟ್ಟುಕೊಂಡು, ಅದರ ಮೇಲಿನ ಕೊಂಬಿಗೆ ಕಿವಿಯಿಟ್ಟು, ಒಂದೊಂದೇ ತಂತಿ ಮೀಟಿದೆ. ಆರು ತಂತಿ, ಒಂದೊಂದರಲ್ಲೂ ಫ್ರೆಟ್ಟಿಗೊಂದರಂತೆ ಇಪ್ಪತ್ತೆರಡು ಮನೆ. ಅವಸರ ಮಾಡಲಿಲ್ಲ. ಮೀಟಿದ ಸ್ವರ ಮರದೊಳಗೆ ಹೋಗಿ ನಿಧಾನವಾಗಿ ಆರುತ್ತಿತ್ತು. ನಡುವೆ ಎಲ್ಲೂ ಸದ್ದು ಸತ್ತ ಮನೆ ಇರಲಿಲ್ಲ. ನೆಕ್ಕು, ಅಂದರೆ ಗಿಟಾರಿನ ಕತ್ತು, ನೆಟ್ಟಗಿತ್ತು. ಫ್ರೆಟ್ಟಿನ ಅಂಚು ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ. ತಂತಿ ಎಳೆದು ಬಿಟ್ಟರೂ ಶ್ರುತಿ ಅಲ್ಲಾಡಲಿಲ್ಲ. ದೇವರೇ, ಇಪ್ಪತ್ತೆರಡು ವರ್ಷ ನಾನು ಏನನ್ನು ಕುತ್ತಿಗೆಗೆ ಕಟ್ಟಿಕೊಂಡಿದ್ದೆ ಅನ್ನಿಸಿತು. ಕಣ್ಣಲ್ಲಿ ನೀರು ಬಂತು, ಮುಚ್ಚಿಡಲಿಲ್ಲ. ಬೇಕೇ ಬೇಕು ಅನ್ನಿಸಿತು. ಆದರೆ ಬೇಕು ಅನ್ನಿಸಿದ ಮಾತ್ರಕ್ಕೆ ಅಡಿಯ ಕೊಳೆತ ಕಾಯಿ ನೋಡದೆ ಬಿಡಲು ನಾನು ಅಪ್ಪನಲ್ಲ.

‘ಸ್ಕ್ರೂಡ್ರೈವರ್ ಕೊಡಿ.’

ಹಿಂದಿನ ಮುಚ್ಚಳ ತೆಗೆದದ್ದೇ ಒಂದು ಪುಟ್ಟ ಸ್ಕ್ರೂ ಅಂಗೈಗೆ ಉರುಳಿತು. ಒಳಗೆ ಬೆಸುಗೆಗಳು ಹಳೆಯವಾಗಿ ಮಂಕಾಗಿದ್ದವು, ನಾಲ್ಕು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಆ ನಾಲ್ಕರ ತಂತಿ ಹೋಗಿದ್ದು ಪಿಕಪ್ಪುಗಳಿಗೆ. ಪಿಕಪ್ಪೆಂದರೆ ತಂತಿಯ ಕೆಳಗಿನ ಅಯಸ್ಕಾಂತ; ಆಂಪಿಗೆ ಸದ್ದು ಕಳಿಸುವುದೇ ಅದು.

‘ಪಿಕಪ್ ಬದಲಾಯಿಸಿದ್ದೀರಿ. ಕಂಪನಿಯದು ಎಲ್ಲಿ?’

ಅವರು ಕಾಫಿ ಲೋಟ ನೋಡಿದರು. ‘ಮಾರ್ಬಿಟ್ಟೆ ಮೇಡಂ. ಆದ್ರೂ ಸೌಂಡ್ ಚೆನ್ನಾಗಿದೆಯಲ್ಲ? ಒಳಗ್ ಯಾರು ನೋಡ್ತಾರೆ?’

‘ನಾನ್ ನೋಡ್ತೀನಿ.’

ಅಪ್ಪನಿಗೆ ಮುಜುಗರವಾಯಿತು. ‘ಸುಮ್ಕಿರವ್ವ. ಬಂದ್ ಮನೇಲಿ ಇದೇನು? ನಾನು ಒಳ್ಳೆ ಮಾಲು ಅಂದ್ಮ್ಯಾಕೆ ಮುಗೀತು.’

ಅದೇ ಮಾತು, ಒಂದಕ್ಷರವೂ ಬದಲಾಗಿಲ್ಲ. ಹನ್ನೊಂದು ವರ್ಷದವಳಿಗೆ ಹೇಳಿದ ಮಾತನ್ನು ನಲವತ್ತೊಂಬತ್ತರವಳಿಗೂ ಹೇಳಿದರು. ಆ ಪುಟ್ಟ ಸ್ಕ್ರೂವನ್ನು ಅಪ್ಪನ ಅಂಗೈಗಿಟ್ಟೆ.

‘ಮುಗೀಲಿಲ್ಲ ಅಪ್ಪ. ಇದರೊಳಗೆ ಕೊಬ್ಬರಿ ಇಲ್ಲ. ಇದು ಸದ್ದು ಮಾಡಿದ್ರೆ ಕೆಟ್ಟಿದೆ ಅಂತ. ಚನ್ನರಾಯಪಟ್ಟಣದ ಆ ಲೋಡು ನೆನಪೈತಾ?’

ಅಪ್ಪ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಜಗಲಿಯ ಮೇಲೆ ಕೂತರು. ನನಗೆ ಕೆಡುಕೆನಿಸಿತು. ಆದರೂ ಮಾತು ವಾಪಸ್ಸು ತೆಗೆದುಕೊಳ್ಳಲಿಲ್ಲ.

ವ್ಯಾಪಾರಿಗೆ ಹೇಳಿದೆ: ‘ಈ ಮರಕ್ಕೆ, ಈ ನೆಕ್ಕಿಗೆ, ಈ ಕೈಕೆಲಸಕ್ಕೆ ಎಷ್ಟು ಕೊಟ್ಟರೂ ನ್ಯಾಯವೇ. ಅದನ್ನ ಆಮೇಲೆ ಯಾರೂ ಹಾಕಿ ಕೊಡೋಕಾಗಲ್ಲ. ಪಿಕಪ್ಪು ನಾಳೆ ಹಾಕಿಸಬಹುದು. ನೀವು ಮಾರ್ಕೊಂಡಿರೋದಕ್ಕೆ ನಾನ್ ಯಾಕೆ ದುಡ್ಡು ಕೊಡಲಿ? ಒಂದು ಲಕ್ಷದ ಹತ್ತು ಸಾವಿರ.’

‘ಗಣಪತಿ ಪೆಂಡಾಲಲ್ಲಿ ರಿದಮ್ ಹೊಡೆಯೋರಿಗೆ ಇಷ್ಟೆಲ್ಲಾ ಲೆಕ್ಕಾಚಾರ ಯಾಕ್ ಮೇಡಂ?’

‘ಪೆಂಡಾಲಿನ ಮುಂದೆ ಕೂತೋರಿಗೂ ಎರಡು ಕಿವಿ ಇದಾವೆ ಸರ್.’ ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟು, ಮುಚ್ಚಿ, ಅವರ ಕಡೆಗೆ ತಳ್ಳಿ ಎದ್ದೆ. ಬಾಗಿಲವರೆಗೆ ಹೋದೆ. ಅಲ್ಲಿಗೆ ಬಾಗೂರೂ ಹೋಯಿತು ಎಂದುಕೊಂಡೆ. ಚಪ್ಪಲಿಗೆ ಕಾಲು ಹಾಕುವಾಗ ಹಿಂದಿನಿಂದ ‘ತಗೊಂಡ್ಹೋಗಿ’ ಎಂಬ ಮಾತು ಕೇಳಿಸಿತು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಬಂದರು. ಹೊಳೆನರಸೀಪುರದಲ್ಲಿ ಇಳಿದ ಮೇಲೆ ಬಾಯಿ ಬಿಟ್ಟರು. ‘ಎಷ್ಟಾಯ್ತು?’ ಹೇಳಿದೆ. ‘ಎಪ್ಪತ್ ಸಾವ್ರ ಇಳುಸ್ದಾ!’ ಅಂದರು, ಅಷ್ಟೇ. ಮಾರನೇ ದಿನ ಮಂಡಿಗೆ ಬಂದವರಿಗೆಲ್ಲ ‘ನಾನು ಅಲ್ಲಾಡ್ಸಿದ್ಕೇ ಕಣ್ರೀ ಅವ್ನ ಮೋಸ ಈಚೆ ಬಂದಿದ್ದು’ ಎಂದು ಹೇಳಿಕೊಂಡರಂತೆ. ಕೇಳಿ ಮೈ ಉರಿಯಿತು. ಸುಳ್ಳೆನ್ನುವ ಹಾಗೂ ಇರಲಿಲ್ಲ.

ಬಾಗೂರಿನ ಪ್ರೋಗ್ರಾಮು ಸಂಜೆ ಆರಕ್ಕೆ. ನಾನು ಹಸಿರು ಸೀರೆಯುಟ್ಟು ಹಾಡುವವರ ಪಕ್ಕದಲ್ಲಿ, ಮುಂದೆ ನಿಂತೆ. ಯಾರೋ ಸಿಳ್ಳೆ ಹಾಕಿ ‘ಆಂಟೀ’ ಎಂದು ಕೂಗಿದ. ಮೊದಲ ಹಾಡಿನ ನಡುವೆ ನನ್ನ ಸರದಿ ಬಂದಾಗ ಒಂದು ಸ್ವರವನ್ನು ಹಿಡಿದೆ, ಬಿಡಲಿಲ್ಲ. ಅದು ಪೆಂಡಾಲು ದಾಟಿ ಸಂತೆ ಮಾಳದವರೆಗೆ ಹೋಯಿತು. ಆಮೇಲೆ ಆಂಟಿ ಅನ್ನುವ ಕೂಗು ಬರಲಿಲ್ಲ. ಎರಡನೇ ಹಾಡು ಮುಗಿದಾಗ ನೋಡಿದರೆ ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದರು.

ಮುಗಿದ ಮೇಲೆ ಸ್ಟೇಜಿನ ಹತ್ತಿರ ಬಂದು ಕೈ ಚಾಚಿದರು. ಕೊಟ್ಟೆ. ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮತ್ತೊಮ್ಮೆ ಅಲ್ಲಾಡಿಸಿದರು.

‘ಸದ್ದೇ ಇಲ್ವಲ್ಲವ್ವ.’

‘ಇರಬಾರ್ದು ಅಪ್ಪ. ಅದಕ್ಕೇ ಅಷ್ಟು ಕೊಟ್ಟಿದ್ದು.’

ಗಿಟಾರು ವಾಪಸ್ಸು ಕೊಟ್ಟು ಟವೆಲ್ಲು ಹೆಗಲಿಗೆ ಹಾಕಿಕೊಂಡರು. ‘ಪಟ್ನದ್ ಲೋಡಲ್ಲಿ ಅರ್ಧಕ್ಕರ್ಧ ಕೊಳ್ತಿದ್ವು. ನೀ ಯೋಳ್ದಾಗ್ಲೇ ನಂಗೂ ಗೊತ್ತಾಗಿತ್ತು.’

‘ಮತ್ತೆ ಏಣಿ ಯಾಕ್ ತೆಗೆಸ್ದೆ?’

‘ಅದ್ಕೇಯ’ ಅಂದರು ಅಪ್ಪ.

ಮೂವತ್ತೆಂಟು ವರ್ಷ. ಏಣಿ ತೆಗೆಸಿದ್ದು ಜನ ಏನಂತಾರೆ ಎಂದು ಅಲ್ಲ. ಕಾಯಿಯ ಸದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೆ ಎಂದು. ನಾನು ಪೆಟ್ಟಿಗೆ ಮುಚ್ಚಿ ಕೊಂಡಿ ಹಾಕಿದೆ. ಅಪ್ಪನೇ ಮತ್ತೆ ಅಂದರು: ‘ಭಾನ್ವಾರ ಅರಕಲಗೂಡಿಂದ ಲೋಡ್ ಬತ್ತೈತೆ. ಬಾ.’

‘ಅಟ್ಟದ ಮೇಲೆ ಕೂರಲ್ಲ. ಕೆಳಗೆ, ಎಲ್ಲರ ಎದುರಿಗೆ, ಗಾದಿ ಮೇಲೆ ಕೂರ್ತೀನಿ.’

‘ನೀ ಅಲ್ ಕೂತ್ರೆ ನಾನೆಲ್ಲವ್ವ ಕೂತ್ಕಳ್ಳಿ?’

‘ಒಸಿ ಆ ಕಡೆ ಸರ್ಕೊಂಡು ಕೂತ್ಕೋ’ ಅಂದೆ.